ಐಸಮ್ಮನ ಬೇರೆ ಬಟ್ಟಲು

ನಮ್ಮದೇ ವಿಭಾಗಕ್ಕೆ, ಅಂದರೆ ಕಿವಿ-ಮೂಗು-ಗಂಟಲಿನ ವಿಭಾಗಕ್ಕೆ, ಹೊಸದಾಗಿ ಸೇರಿದ ಡಾಕ್ಟರ್ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಕಾಫಿ ಕುಡಿದು ಅದೂ ಇದೂ ಮಾತಾಡಿ ಕೊನೆಗೆ, ಮೇಡಂ, ನಿಮ್ಮ ಸರ್ವಿಸಿನ ಒಳ್ಳೊಳ್ಳೆಯ ನೆನಪುಗಳನ್ನು ಬರೆದುಕೊಡಿ, ನಮಗೆ ಸ್ಫೂರ್ತಿ ಆಗ್ತದೆ ಅಂದಳು. ಸ್ಫೂರ್ತಿಯಂತೆ. ನನಗೆ ಸ್ಫೂರ್ತಿ ಕೊಡ್ಲಿಕ್ಕೆ ಬರುವುದಿಲ್ಲ ಮಾರಾಯ್ತಿ, ನನಗೆ ಬರುವುದು ಸಿಟ್ಟು. ರಿಟೈರ್ ಆದ ಮೇಲಾದರೂ ಕಮ್ಮಿ ಆದೀತು ಅಂತ ಮನೆಯವರು ಕಾದರು. ಕಮ್ಮಿ ಆಗಲಿಲ್ಲ.

ನಾನು ಕೆಲಸ ಮಾಡಿದ್ದು ಮೂಡಬಿದಿರೆಯ ಒಂದು ನರ್ಸಿಂಗ್ ಹೋಮಿನಲ್ಲಿ. ವಾರದಲ್ಲಿ ಒಂದು ದಿನ ಗುರುವಾಯನಕೆರೆಯಲ್ಲಿ, ಇನ್ನೊಂದು ದಿನ ಬಂಟ್ವಾಳದಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ಮಕ್ಕಳ ಮೂಗಿನಿಂದ ಹುಣಸೆಬೀಜ ತೆಗೆದದ್ದು, ಮದುಮಗನ ಗಂಟಲಿನಿಂದ ಬಂಗುಡೆಯ ಮುಳ್ಳು ತೆಗೆದದ್ದು ಎಲ್ಲ ಬರೆದರೆ ನೀವು ನಗಬಹುದು. ಆದರೆ ಹೊಸಬರಿಗೆ ಹೇಳಬೇಕಾದ್ದು ಅದಲ್ಲ. ನಮ್ಮ ಬಾಯಿಂದ ಬೀಳುವ ಒಂದು ಶಬ್ದ ಎಷ್ಟು ಜನರ ಅನ್ನಕ್ಕೆ ಮಣ್ಣು ಹಾಕಬಹುದು ಅಂತ ಹೇಳಬೇಕು. ಆ ಶಬ್ದ ವೈರಸ್.

ತೊಂಬತ್ತರ ದಶಕದ ಆರಂಭದಲ್ಲಿ, ನಾನು ಸೇರಿದ ಹೊಸತರಲ್ಲಿ, ವೇಣೂರಿನಿಂದ ಸಂಜೀವ ಶೆಟ್ರು ಅಂತ ಒಬ್ಬರು ಬಂದರು. ಗದ್ದೆ ಇದ್ದವರು, ಗಟ್ಟಿ ಆಳು. ಬಲಗಿವಿಯ ಕೆಳಗೆ ನೆಲ್ಲಿಕಾಯಿಯಷ್ಟು ದೊಡ್ಡ ಗಂಟು, ಕುತ್ತಿಗೆಯಲ್ಲಿ ಹೆಂಡತಿಯ ಬಂಗಾರದ ಸರ. ನಮ್ಮ ಕಡೆಯ ಹಳಬರಿಗೆ ಇದು ಹೊಸತಲ್ಲ. ಮಕ್ಕಳಿಗೆ ಕೆಪ್ಪಟ್ರಾಯ ಬಂದು, ಅಂದರೆ ಮಂಗನಬಾವು ಬಂದು ಕೆನ್ನೆ ಬಾತರೆ ಕುತ್ತಿಗೆಗೆ ಬಂಗಾರ ಹಾಕುತ್ತಿದ್ದರು. ಬಾವು ವಾರದಲ್ಲಿ ತಾನೇ ಇಳಿಯುತ್ತಿತ್ತು, ಹೆಸರು ಬಂಗಾರಕ್ಕೆ ಬರುತ್ತಿತ್ತು. ಅದರಿಂದ ಯಾರಿಗೂ ಉಪದ್ರ ಇಲ್ಲ.

ಆದರೆ ಶೆಟ್ರಿಗೆ ಐವತ್ತು ದಾಟಿತ್ತು. ಜ್ವರ ಇಲ್ಲ, ನೋವಿಲ್ಲ, ಒಂದೇ ಬದಿಯ ಗಂಟು, ಅದೂ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಬೆಳೆದದ್ದು. ಊರಿನ ಡಾಕ್ಟರೊಬ್ಬರು ಬೆರಳಿನಿಂದ ಒತ್ತಿಯೂ ನೋಡದೆ, ಇದು ವೈರಸ್, ಕೆಪ್ಪಟ್ರಾಯದ ಜಾತಿಯದ್ದು, ತಾನೇ ಹೋಗ್ತದೆ ಅಂದಿದ್ದರಂತೆ. ಡಾಕ್ಟರೇ ಹೇಳಿದ ಮೇಲೆ ಮನೆಯವರು ಸರ ಹಾಕಿದ್ದರಲ್ಲಿ ತಪ್ಪೇನು ಉಂಟು? ನನ್ನ ಹತ್ತಿರ ಬರುವಾಗ ಅವರ ಮುಖದ ಬಲಭಾಗ ಜೋತುಬಿದ್ದಿತ್ತು. ಕುಡಿದ ಕಾಫಿ ಬಾಯಿಯ ಮೂಲೆಯಿಂದ ಇಳಿಯುತ್ತಿತ್ತು, ಶೆಟ್ರು ಹೆಗಲ ಮೇಲಿನ ಬೈರಾಸಿನಿಂದ ಒರೆಸಿಕೊಂಡು ನಾಚಿಕೆಯಿಂದ ನನ್ನತ್ತ ನೋಡುತ್ತಿದ್ದರು. ಅದು ಜೊಲ್ಲುಗ್ರಂಥಿಯ ಕ್ಯಾನ್ಸರ್. ಮುಖದ ನರವನ್ನು ಅದಾಗಲೇ ತಿಂದು ಹಾಕಿತ್ತು. ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ.

ಆ ದಿನದಿಂದ ನನಗೆ ಒಂದು ವಿಷಯ ಮನಸ್ಸಿಗೆ ಹತ್ತಿತು. ನಮ್ಮ ವೃತ್ತಿಯಲ್ಲಿ ವೈರಸ್ ಅನ್ನುವುದು ಅರ್ಧ ಸಲ ಒಂದು ಜೀವಿಯ ಹೆಸರು, ಇನ್ನರ್ಧ ಸಲ 'ನನಗೆ ಗೊತ್ತಿಲ್ಲ' ಅಂತ ಹೇಳ್ಲಿಕ್ಕೆ ನಾಚಿಕೆ ಆದವರು ಹೊದ್ದುಕೊಳ್ಳುವ ಶಾಲು. ಜ್ವರ ಗೊತ್ತಾಗಲಿಲ್ಲವಾ, ವೈರಸ್. ತಲೆ ಸುತ್ತುವುದಾ, ವೈರಸ್. ಶೆಟ್ರ ಗಂಟೂ ವೈರಸ್. ಒಂದು ಜೀವ ಹೋಯಿತು, ಹೇಳಿದವರ ಒಂದು ಕೂದಲೂ ಕೊಂಕಲಿಲ್ಲ. ಅವರು ಮತ್ತೆಯೂ ಎಷ್ಟೋ ವರ್ಷ ಅದೇ ಕುರ್ಚಿಯಲ್ಲಿ ಕೂತು ಅದನ್ನೇ ಹೇಳಿದರು.

ಈಗ ನಮ್ಮ ದೊಡ್ಡ ಡಾಕ್ಟ್ರ ವಿಷಯ. ನರ್ಸಿಂಗ್ ಹೋಮ್ ಅವರದ್ದು, ನಾನು ಅವರ ಕೈಕೆಳಗೆ. ಹೆಸರು ಬೇಡ, ಊರಿಗೆಲ್ಲ ಅವರು ದೊಡ್ಡ ಡಾಕ್ಟ್ರೇ. ಅವರ ಕೈ ಚಿನ್ನದ ಕೈ, ಅದನ್ನು ಇಲ್ಲ ಅನ್ನುವುದಿಲ್ಲ. ಹೊಸ ವಿಧಾನ ಬಂದರೆ ಮೊದಲು ಕಲಿಯುವವರೂ ಅವರೇ. ಮೊದಲೆಲ್ಲ ಗಂಟು ಎಂಥದ್ದು ಅಂತ ನೋಡ್ಲಿಕ್ಕೆ ಚೂರಿಯಿಂದ ಕೊಯ್ದು ತುಂಡು ತೆಗೆಯುತ್ತಿದ್ದೆವು. ಜೊಲ್ಲುಗ್ರಂಥಿಯಲ್ಲಿ ಹಾಗೆ ಕೊಯ್ದರೆ ಇರುವ ಕೇಡು ಇನ್ನಷ್ಟು ಕಡೆಗೆ ಚೆಲ್ಲುತ್ತದೆ. ಅದನ್ನು ನಿಲ್ಲಿಸಿ ಸಪೂರ ಸೂಜಿಯಿಂದ ನಾಲ್ಕು ಜೀವಕೋಶ ಎಳೆದು, ಗಾಜಿನ ಮೇಲೆ ಸವರಿ, ಮಂಗಳೂರಿನ ಲ್ಯಾಬಿಗೆ ಕಳಿಸುವ ಕ್ರಮ ತಂದದ್ದು ಅವರು. ಕಳಿಸುವುದು ಬಸ್ಸಿನಲ್ಲಿ. ಡ್ರೈವರನ ಕೈಗೆ ಕೊಟ್ಟರೆ ಆಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಐಸಮ್ಮ ಬಂದರು. ಅವರ ಗಂಡ ಇದಿನಬ್ಬ, ಗುರುವಾಯನಕೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಇಬ್ಬರು ಗಂಡುಮಕ್ಕಳು ಗಲ್ಫಿನಲ್ಲಿ, ಸೊಸೆಯರು ಮನೆಯಲ್ಲಿ, ಸಫಾ ಅಂತ ಒಂದು ಸಣ್ಣ ಮೊಮ್ಮಗಳು. ಐಸಮ್ಮನಿಗೆ ಎಡಗಿವಿಯ ಕೆಳಗೆ ಗಂಟು. ನನಗೆ ಶೆಟ್ರ ನೆನಪಾಯಿತು. ಅದೇ ದಿನ ಸೂಜಿ ಹಾಕಿದೆ. ನಮ್ಮ ಪುಣ್ಯಕ್ಕೆ ಡ್ರೈವರ್ ಆ ಗಾಜುಗಳನ್ನು ತನ್ನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಇಟ್ಟು ಮಂಗಳೂರಿನವರೆಗೆ ಹುರಿದುಬಿಟ್ಟ. ಓದ್ಲಿಕ್ಕೆ ಆಗುವುದಿಲ್ಲ, ಮತ್ತೆ ಕಳಿಸಿ ಅಂತ ಫೋನು. ಎರಡನೆಯ ಸಲ ಸೂಜಿ ತೆಗೆದಾಗ ಐಸಮ್ಮ ನಕ್ಕು, "ಕೋಳಿಯನ್ನೂ ಒಂದೇ ಸಲ ಕೊಯ್ಯುವುದು ಡಾಕ್ಟ್ರೆ, ನನಗೆ ಎರಡು ಸಲವಾ?" ಅಂದರು. ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆವಾಗಲೇ.

ರಿಪೋರ್ಟು ಬಂತು, ಕ್ಯಾನ್ಸರ್. ಆದರೆ ಹೊತ್ತು ಮೀರಿರಲಿಲ್ಲ. ದೊಡ್ಡ ಡಾಕ್ಟ್ರು ಆಪರೇಷನ್ ಮಾಡಿದರು, ನಾನು ಎದುರು ನಿಂತಿದ್ದೆ. ಮುಖದ ನರ ಆ ಗ್ರಂಥಿಯ ಒಳಗೇ ಕವಲೊಡೆದು ಹೋಗುತ್ತದೆ. ಒಂದು ಕವಲಿಗೂ ಗಾಯ ಆಗದ ಹಾಗೆ ಗಂಟನ್ನು ಬಿಡಿಸಿ ತೆಗೆದರು. ಮರುದಿನ ಹಾಸಿಗೆಯ ಹತ್ತಿರ ಹೋಗಿ, ನಗಿ ನೋಡುವ ಅಂದರು. ಐಸಮ್ಮ ನಕ್ಕರು, ಎರಡೂ ಬದಿ ಸಮಾ ನಕ್ಕರು. ಇದಿನಬ್ಬ ಗೋಡೆಯ ಕಡೆಗೆ ತಿರುಗಿ ಅತ್ತರು. ಅಂದಿನಿಂದ ಐಸಮ್ಮನಿಗೆ ದೊಡ್ಡ ಡಾಕ್ಟ್ರ ಮಾತೆಂದರೆ ಎರಡನೆಯ ಮಾತಿಲ್ಲ. ನಡೆದದ್ದು ಅರ್ಥ ಆಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಮಂಗಳೂರಿಗೆ ಹೋಗಿ ವಿಕಿರಣ ಚಿಕಿತ್ಸೆ. ಅದರಿಂದ ಬಾಯಿ ಒಣಗುತ್ತದೆ, ರುಚಿ ಹೋಗುತ್ತದೆ, ಅನ್ನ ಗಂಟಲಿಗೆ ಇಳಿಯುವುದಿಲ್ಲ. ಹೇಗಾದರೂ ಮಾಡಿ ಊಟ ಮಾಡಿಸಿ, ಉಣ್ಣದಿದ್ದರೆ ನಾವು ಉಳಿಸಿದ್ದೆಲ್ಲ ನೀರುಪಾಲು ಅಂತ ಸೊಸೆಯರಿಗೆ ಹೇಳಿ ಕಳಿಸಿದ್ದೆ. ನನಗೆ ಧೈರ್ಯ ಇತ್ತು. ಅವರ ಮನೆಯಲ್ಲಿ ದೊಡ್ಡ ಹರಿವಾಣದಲ್ಲಿ ಅನ್ನ ಹಾಕಿ, ಹೆಂಗಸರು ಮಕ್ಕಳು ಸುತ್ತ ಕೂತು ಒಟ್ಟಿಗೆ ಉಣ್ಣುವ ಪದ್ಧತಿ. ಒಂದೇ ಬಟ್ಟಲಲ್ಲಿ ಉಂಡರೆ ಬರಕತ್ತು, ಇದ್ದದ್ದು ಹೆಚ್ಚಾಗ್ತದೆ ಅನ್ನುತ್ತಿದ್ದರು ಐಸಮ್ಮ. ನಾನು ಬೆಳೆದ ಮನೆಯಲ್ಲಿ ಅಕ್ಕನ ಲೋಟಕ್ಕೆ ತುಟಿ ತಾಗಿಸಿದರೂ ಎಂಜಲು ಎಂಜಲು ಅಂತ ಬೊಬ್ಬೆ. ಒಬ್ಬರು ಉಣ್ಣದಿದ್ದರೆ ಇನ್ನೊಬ್ಬರಿಗೆ ಗೊತ್ತಾಗುವ ಆ ಹರಿವಾಣದ ಮೇಲೆ ನನಗೆ ಒಳಗೊಳಗೇ ಆಸೆ ಇತ್ತು.

ಅಷ್ಟರಲ್ಲಿ ದೊಡ್ಡ ಡಾಕ್ಟ್ರು ಎಲ್ಲಿಗೋ ಒಂದು ಸಮ್ಮೇಳನಕ್ಕೆ ಹೋಗಿ ಬಂದರು. ಅಲ್ಲಿ ಕೇಳಿದ್ದು ಅವರ ತಲೆಯಲ್ಲಿ ಕುಣಿಯುತ್ತಿತ್ತು. ದೂರದ ಕೆಲವು ಜನಾಂಗಗಳಲ್ಲಿ ಜೊಲ್ಲುಗ್ರಂಥಿಗೆ ಬರುವ ಒಂದು ಅಪರೂಪದ ಬಗೆಯ ಕ್ಯಾನ್ಸರಿನ ಒಳಗೆ ಒಂದು ವೈರಸ್ ಕಾಣಸಿಗುತ್ತದೆ. ಅದು ನಿಜ. ಬೇರೆ ಬಗೆಗಳಲ್ಲೂ ವೈರಸ್ಸಿನ ಕೈ ಇರಬಹುದೋ ಅಂತ ಹುಡುಕುತ್ತಿದ್ದರು. ಅದೂ ನಿಜ. ಡಾಕ್ಟರುಗಳ ಸಭೆಯಲ್ಲಿ ಹೇಳಿದ್ದರೆ ನಾನೇ ಚಪ್ಪಾಳೆ ಹೊಡೆಯುತ್ತಿದ್ದೆ. ಆದರೆ ಇವರು ಹೇಳಿದ್ದು ಗುರುವಾಯನಕೆರೆಯ ಶಾಲೆಯ ಸಭಾಂಗಣದಲ್ಲಿ, ಉಚಿತ ಆರೋಗ್ಯ ಶಿಬಿರದಲ್ಲಿ, ಮೈಕಿನಲ್ಲಿ. ನಾನು ಆ ದಿನ ಬಂಟ್ವಾಳದಲ್ಲಿದ್ದೆ, ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಜೊಲ್ಲುಗ್ರಂಥಿಯನ್ನು ಪುಸ್ತಕದ ಭಾಷೆಯಲ್ಲಿ ಲಾಲಾಗ್ರಂಥಿ ಅಂದರೆ ಜನರ ಮುಖದಲ್ಲಿ ಏನೂ ಕಾಣಲಿಲ್ಲವಂತೆ, ಅದಕ್ಕೆ ಎಂಜಲಿನ ಗ್ರಂಥಿ ಅಂದರಂತೆ. ಈ ಕ್ಯಾನ್ಸರಿಗೆ ವೈರಸ್ ಕಾರಣ ಇರಬಹುದು ಅಂದರಂತೆ. ಆ ವೈರಸ್ ಎಂಜಲಿನಿಂದ ಹರಡುತ್ತದೆ ಅಂದರಂತೆ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ ಕೂತರಂತೆ. ಎದುರು ಸಾಲಿನಲ್ಲಿ, ತನ್ನ ಮುಖ ಉಳಿಸಿದ ಡಾಕ್ಟ್ರನ್ನು ನೋಡ್ಲಿಕ್ಕೆ ಅಂತಲೇ ಬಂದು ಕೂತಿದ್ದವರು ಐಸಮ್ಮ.

ಮುಂದಿನ ಸಲ ತಪಾಸಣೆಗೆ ಬಂದಾಗ ಅವರು ಅರ್ಧ ಆಗಿದ್ದರು. ಬಾಯಿಗೆ ಅಡ್ಡ ಸೆರಗು. ಕುತ್ತಿಗೆ ಮುಟ್ಟಿ ನೋಡಿದೆ, ಗಂಟಿಲ್ಲ. ಎದೆಯ ಎಕ್ಸ್‌ರೇ ನೋಡಿದೆ, ಸ್ವಚ್ಛ. ಮತ್ತೆ ಎಂತ ಅವಸ್ಥೆ ಇದು ಅಂತ ನನಗೆ ಮಂಡೆಬೆಚ್ಚ ಶುರುವಾಯಿತು. ಊಟ ಸೇರುವುದಿಲ್ಲ ಅಂದರು, ಅಷ್ಟೆ. ಜತೆಗೆ ಬಂದಿದ್ದ ದೊಡ್ಡ ಸೊಸೆ ಹೊರಗೆ ಬರುವಾಗ ನನ್ನ ಕೈ ಹಿಡಿದು, ಮಾಮಿ ಈಗ ಬೇರೆ ಬಟ್ಟಲಲ್ಲಿ, ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತು ಉಣ್ಣುವುದು ಅಂದಳು. ಅಷ್ಟು ಕೇಳಿದ್ದೇ ಸೈ, ನನ್ನ ಪಿತ್ತ ನೆತ್ತಿಗೇರಿತು. ಮಾತಿನ ಬಾಕಿ ಭಾಗ ಕೇಳುವ ತಾಳ್ಮೆ ನನಗೆಲ್ಲಿ? ಮರುದಿನವೇ ಬಸ್ಸು ಹತ್ತಿ ಅವರ ಮನೆಗೆ ಹೋದೆ.

ಹೋಗಿ ಎದುರಿನ ಜಗಲಿಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಮನೆಗಾಗಿ ಜೀವ ತೇದವಳನ್ನು ನಾಯಿಗೆ ಹಾಕಿದ ಹಾಗೆ ಹಿತ್ತಲಲ್ಲಿ ಕೂರಿಸ್ತೀರಾ, ನಿಮಗೆ ಮನುಷ್ಯತ್ವ ಉಂಟಾ ಅಂತ ಇದಿನಬ್ಬರಿಗೆ, ಸೊಸೆಯರಿಗೆ, ಎಲ್ಲರಿಗೂ ಸೇರಿಸಿ ಕೊಟ್ಟೆ. ನಾನು ಉಸಿರು ತೆಗೆದುಕೊಳ್ಳುವಾಗ ಇದಿನಬ್ಬ ಮೆಲ್ಲ ಹೇಳಿದರು: "ನಾವು ಯಾರೂ ಬೇರೆ ಮಾಡಲಿಲ್ಲ ಡಾಕ್ಟ್ರೆ. ಶಿಬಿರದಿಂದ ಬಂದವಳೇ ನನ್ನ ಅಂಗಡಿಯಿಂದ ಒಂದು ಅಲ್ಯೂಮಿನಿಯಂ ಬಟ್ಟಲು ತರಿಸಿಕೊಂಡಳು. ಕರೆದು ಕರೆದು ನಮಗೆ ಸಾಕಾಯ್ತು."

ಹಿತ್ತಲಿಗೆ ಹೋದೆ. ಐಸಮ್ಮ ತಣ್ಣಗಾಗಿ ಕೆನೆಗಟ್ಟಿದ ಗಂಜಿಯನ್ನು ಎದುರಿಟ್ಟುಕೊಂಡು ಕೂತಿದ್ದರು, ಮುಟ್ಟಿರಲಿಲ್ಲ. ಸಫಾ ಬಾಗಿಲ ಹತ್ತಿರ ನಿಂತಿತ್ತು, ದಾಟಿ ಬರುತ್ತಿರಲಿಲ್ಲ. ಮೊದಲೆಲ್ಲ ತನ್ನ ಕೈಯಿಂದಲೇ ತುತ್ತು ಕೊಟ್ಟು, ಮೀನಿನ ಮುಳ್ಳು ಇದೆಯಾ ಅಂತ ತಾನು ಒಮ್ಮೆ ಬಾಯಿಗೆ ಹಾಕಿ ನೋಡಿ ಆ ಮಗುವಿಗೆ ತಿನ್ನಿಸಿದ್ದು ಅವರೇ. ಈಗ ಮಗು ಹತ್ತಿರ ಬಂದರೆ, ಕೈಯಿಂದ ಬಾಯಿ ಮುಚ್ಚಿಕೋ, ಅಲ್ಲೇ ನಿಲ್ಲು ಅಂತ ಹೇಳಿ ಕಲಿಸಿದ್ದರು. ತಾನು ತಿನ್ನಿಸಿದ ತುತ್ತಿನಿಂದ ಮಗುವಿಗೂ ದಾಟಿದೆಯೋ ಏನೋ ಅನ್ನುವುದೇ ಅವರ ಒಳಗೆ ಕೊರೆಯುತ್ತಿದ್ದ ಮಾತು. ಕ್ಯಾನ್ಸರಿಗೆ ಹೆದರದ ಹೆಂಗಸು ಇದಕ್ಕೆ ಹೆದರಿ ಅನ್ನ ಬಿಟ್ಟಿದ್ದರು.

ನಾನು ನೆಲಕ್ಕೇ ಕೂತೆ. ಹೇಳಿದೆ, ಆ ವೈರಸ್ ದೊಡ್ಡವರಾದ ಹೆಚ್ಚುಕಮ್ಮಿ ಎಲ್ಲರ ಮೈಯಲ್ಲೂ ಉಂಟು, ನನ್ನಲ್ಲೂ ಉಂಟು. ಸಣ್ಣದರಲ್ಲಿ ಬರ್ತದೆ, ಒಂದು ಜ್ವರ ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ, ಮತ್ತೆ ಜೀವಮಾನವಿಡೀ ಸುಮ್ಮನೆ ಬಿದ್ದಿರ್ತದೆ. ನಿಮ್ಮ ಕ್ಯಾನ್ಸರ್ ದೊಡ್ಡ ಡಾಕ್ಟ್ರು ಹೇಳಿದ ಆ ಬಗೆಯದ್ದೇ ಅಲ್ಲ. ಬಟ್ಟಲಿನಿಂದ, ತುತ್ತಿನಿಂದ ಕ್ಯಾನ್ಸರ್ ಯಾರಿಗೂ ಹೋಗುವುದಿಲ್ಲ.

ಐಸಮ್ಮ ಎಲ್ಲ ಕೇಳಿಸಿಕೊಂಡರು. ಎಲ್ಲರಲ್ಲೂ ಉಂಟಾದರೆ ನನಗೊಬ್ಬಳಿಗೇ ಯಾಕೆ ಬಂತು ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಗಂಜಿಯ ಬಟ್ಟಲನ್ನು ಬದಿಗೆ ಸರಿಸಿ ಹೇಳಿದರು: "ನೀವು ನನ್ನ ಮೇಲಿನ ಪ್ರೀತಿಗೆ ಹೇಳ್ತೀರಿ. ಅವರು ಮೈಕಿನಲ್ಲಿ, ಎಲ್ಲರ ಎದುರು ಹೇಳಿದ್ದಾರೆ."

ಬಸ್ಸಿನಲ್ಲಿ ಮೂಡಬಿದಿರೆಗೆ ಬರುವವರೆಗೂ ನನ್ನ ಮೈ ಉರಿಯುತ್ತಿತ್ತು. ಸೀದಾ ದೊಡ್ಡ ಡಾಕ್ಟ್ರ ರೂಮಿಗೆ ನುಗ್ಗಿ ನಡೆದದ್ದು ಹೇಳಿದೆ. ನೀವು ಒಮ್ಮೆ ಅವರ ಮನೆಗೆ ಬನ್ನಿ, ಒಂದು ಮಾತು ಹೇಳಿ ಬರುವ ಅಂತ ಕೇಳಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿದರು. ನಾನು ಹೇಳಿದ್ದರಲ್ಲಿ ಒಂದು ಸುಳ್ಳು ತೋರಿಸಿ ಅಂದರು. ಬಿಡಿಬಿಡಿಯಾಗಿ ನೋಡಿದರೆ ಒಂದೂ ಸುಳ್ಳಲ್ಲ. ಇರಬಹುದು ಅಂತಲೇ ಹೇಳಿದ್ದು, ಜನರಿಗೆ ಅರ್ಥ ಆಗದಿದ್ದರೆ ನಾನೆಂತ ಮಾಡ್ಲಿ, ಮನೆಮನೆಗೆ ಹೋಗಿ ಸಮಾಧಾನ ಹೇಳ್ಲಿಕ್ಕೆ ನನಗೆ ಪುರುಸೊತ್ತಿಲ್ಲ ಅಂದರು.

ಈ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಬರ್ತದೆ. ಜನರಿಗೆ ಅರ್ಥ ಆಗಲಿಲ್ಲವಂತೆ! ಎಂಜಲಿನ ಗ್ರಂಥಿ, ಎಂಜಲಿನಿಂದ ಹರಡುವ ವೈರಸ್, ಕ್ಯಾನ್ಸರ್ ಅಂತ ಸಾಲಾಗಿ ಇಟ್ಟುಕೊಟ್ಟರೆ ಯಾವ ಬುದ್ಧಿ ಇರುವ ಮನುಷ್ಯನಾದರೂ ಐಸಮ್ಮನಿಗೆ ಅರ್ಥ ಆದದ್ದನ್ನೇ ಅರ್ಥ ಮಾಡಿಕೊಳ್ಳುತ್ತಾನೆ. ಸೂಜಿ ಹಾಕುವಾಗ ಕೂದಲೆಳೆಯಷ್ಟು ಆಚೀಚೆ ಆಗಬಾರದು ಅನ್ನುವವರು ಮಾತು ಹಾಕುವಾಗ ಹೀಗಾ? ನರದ ಒಂದು ಕವಲಿಗೆ ಗಾಯ ಆದರೆ ರಾತ್ರಿ ನಿದ್ದೆ ಮಾಡದ ಮನುಷ್ಯ, ಒಂದು ಹೆಂಗಸು ಊಟ ಬಿಟ್ಟದ್ದಕ್ಕೆ ಪುರುಸೊತ್ತಿಲ್ಲ ಅನ್ನುತ್ತಾರೆ. ನಾನು ಅವರ ಟೇಬಲ್ಲಿನ ಮೇಲೆ ಕೈಯಿಟ್ಟು, ಹಾಗಾದರೆ ಮುಂದಿನ ಶಿಬಿರಕ್ಕೆ ನಾನು ಬರ್ತೇನೆ ಅಂತ ಹೇಳಿ ಹೊರಗೆ ಬಂದೆ.

ಮುಂದಿನ ಶಿಬಿರ ಬಂಟ್ವಾಳದಲ್ಲಿ. ಇದಿನಬ್ಬರಿಗೆ ಹೇಳಿ ಕಳಿಸಿದೆ, ಹೇಗಾದರೂ ಮಾಡಿ ಕರೆದುಕೊಂಡು ಬನ್ನಿ ಅಂತ. ಬಾಡಿಗೆ ಕಾರಿನಲ್ಲಿ ಕರೆತಂದರು. ಐಸಮ್ಮ ಕೊನೆಯ ಸಾಲಿನಲ್ಲಿ, ಪಕ್ಕದ ಕುರ್ಚಿ ಖಾಲಿ ಬಿಟ್ಟು, ಬಾಯಿಗೆ ಸೆರಗು ಅಡ್ಡ ಹಿಡಿದು ಕೂತರು. ದೊಡ್ಡ ಡಾಕ್ಟ್ರದ್ದು ಅದೇ ಚಿತ್ರ, ಅದೇ ಭಾಷಣ. ಪ್ರಶ್ನೆಗಳಿದ್ದರೆ ಕೇಳಬಹುದು ಅಂದದ್ದೇ ತಡ, ಡಾಕ್ಟರುಗಳ ಸಾಲಿನಿಂದ ನಾನು ಎದ್ದೆ. ಅವರು ನನ್ನನ್ನು ನೋಡಿ ನಗಾಡಿದರು, ಹೊಗಳುತ್ತೇನೆ ಅಂತ ಎಣಿಸಿರಬೇಕು.

"ಸರ್, ಆ ವೈರಸ್ ನಿಮ್ಮ ಬಾಯಲ್ಲಿ ಉಂಟಾ?"

ಅವರ ಮುಖ ಕೆಂಪಾಯಿತು. ಆದರೆ ಒಂದು ಹೇಳ್ತೇನೆ, ಆ ಮನುಷ್ಯ ಸುಳ್ಳುಗಾರ ಅಲ್ಲ. ನಾನು ನಂಬಿ ಎದ್ದದ್ದೂ ಅದೊಂದನ್ನೇ. ಉಂಟು, ಇಲ್ಲಿ ಕೂತ ಹೆಚ್ಚಿನವರಲ್ಲೂ ಉಂಟು ಅಂದರು. ಹಾಗಾದರೆ ಕ್ಯಾನ್ಸರ್ ಆದವರ ಬಟ್ಟಲಲ್ಲಿ ಉಂಡರೆ ಕ್ಯಾನ್ಸರ್ ಬರ್ತದಾ ಅಂತ ಕೇಳಿದೆ. ಇಲ್ಲ, ಬರುವುದಿಲ್ಲ ಅಂದರು. ನಮ್ಮೂರಿನವರಿಗೆ ಈ ಗ್ರಂಥಿಯ ಕ್ಯಾನ್ಸರ್ ಮತ್ತೆ ಯಾತರಿಂದ ಬರ್ತದೆ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮಗೆ ಗೊತ್ತಿಲ್ಲ," ಅಂದರು ಮೈಕಿನಲ್ಲಿ.

ಹಿಂದೆ ತಿರುಗಿ ನೋಡಿದೆ. ಐಸಮ್ಮನ ಸೆರಗು ಬಾಯಿಂದ ಕೆಳಗೆ ಇಳಿದಿತ್ತು. ಇದಿನಬ್ಬ ಆ ಖಾಲಿ ಕುರ್ಚಿಗೆ ಬಂದು ಕೂತಿದ್ದರು.

ದೊಡ್ಡ ಡಾಕ್ಟ್ರು ಆಮೇಲೆ ನನ್ನ ಹತ್ತಿರ ರೋಗಿಗಳ ಫೈಲಿನಲ್ಲಿ ಬರೆದು ಮಾತ್ರ ಮಾತಾಡಿದರು. ನಾನು ಬೇರೆ ಕಡೆ ಸ್ವಂತ ಕ್ಲಿನಿಕ್ಕಿಗೆ ರೂಮು ಹಿಡಿದೆ, ಅದು ದೊಡ್ಡ ಕತೆಯೇನೂ ಅಲ್ಲ. ನಿಮಗೂ ಹೀಗೆ ಆದೀತು, ಆಗಲಿ.

ಒಂದು ಶುಕ್ರವಾರ ಇದಿನಬ್ಬ ಊಟಕ್ಕೆ ಕರೆದರು. ಐಸಮ್ಮ ಒಳಗೆ ಬಂದು ಕೂತಿದ್ದಾಳೆ, ನೀವು ನೋಡಬೇಕು ಅಂದರು. ಹೋದೆ. ನಡುವೆ ಹರಿವಾಣ, ಸುತ್ತ ಸೊಸೆಯರು, ಐಸಮ್ಮ ತನ್ನ ಹಳೆಯ ಜಾಗದಲ್ಲಿ. ನನಗೆ ಮಾತ್ರ ಮರ್ಯಾದೆಗೆ ಅಂತ ಬೇರೆ ಬಟ್ಟಲು ತಂದಿಟ್ಟಿದ್ದರು. ಈ ಮನೆಯಲ್ಲಿ ಬೇರೆ ಬಟ್ಟಲಿನ ಸುದ್ದಿ ಇನ್ನು ಬೇಡ ಅಂತ ಅದನ್ನು ಮಗುಚಿ ಹಾಕಿ ಅವರ ಜತೆಗೇ ಕೂತೆ. ಎಲ್ಲರೂ ನಕ್ಕರು. ಐಸಮ್ಮ ಸಾರು ಕಲಸಿ ಮೂರು ನಾಲ್ಕು ತುತ್ತು ಉಂಡರು, ನಡುನಡುವೆ ನೀರು ಕುಡಿದು, ಕಷ್ಟದಿಂದ, ಆದರೆ ಉಂಡರು. ನನ್ನ ಕಣ್ಣು ತುಂಬಿತು.

ಮತ್ತೆ ಒಂದು ಸಣ್ಣ ತುತ್ತು ಮಾಡಿ, ಮುಳ್ಳು ಉಂಟಾ ಅಂತ ಬೆರಳಿನಿಂದ ಒತ್ತಿ ನೋಡಿ, ಸಫಾ ಅಂತ ಕರೆದು ಕೈ ಮುಂದೆ ಮಾಡಿದರು. ಮಗು ಬಾಗಿಲ ಹತ್ತಿರವೇ ನಿಂತಿತ್ತು. ತಾಯಿ ಹೋಗು ಅಂದಳು, ಅಜ್ಜ ಹೋಗು ಅಂದರು. ಅದು ಎರಡು ಹೆಜ್ಜೆ ಬಂತು. ಬಂದು, ಎರಡೂ ಕೈಗಳಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಸರಿಯಾಗಿ ಮಾಡಿದೆನಾ ಅನ್ನುವ ಹಾಗೆ ಅಜ್ಜಿಯ ಮುಖ ನೋಡಿತು.

ಐಸಮ್ಮ ಆ ತುತ್ತನ್ನು ಹರಿವಾಣಕ್ಕೇ ಇಳಿಸಿದರು. ಮಗುವಿಗೆ ಹಾಗೆ ಕಲಿಸಿದ್ದು ಐಸಮ್ಮ. ಐಸಮ್ಮನಿಗೆ ಕಲಿಸಿದ್ದು ನಾವು.